ಬೀಗ ಹಾಕದವನೇ ಅಪರಾಧಿಯೆ?

ಕೂಲಿಕಾರನ ಮೊಬೈಲು ಕಳುವಾಗಿ ಖಾತೆಯ ಹಣವೂ ಹೋಯಿತೆಂದರೆ, ಬ್ಯಾಂಕಿನ ಮೇಜಿನಾಚೆಯಿಂದ ಬರುವ ಮೊದಲ ಪ್ರಶ್ನೆ "ಲಾಕ್ ಏಕೆ ಹಾಕಿರಲಿಲ್ಲ?" ಎಂಬುದು. ಕದ್ದವನ ವಿಚಾರ ಆಮೇಲೆ. ಜನರಿಗೆ ತಿಳಿವಳಿಕೆ ಇಲ್ಲ, ಸೋಮಾರಿಗಳು ಎಂದು ದೊಡ್ಡ ಮನುಷ್ಯರು ಭಾಷಣ ಬಿಗಿಯುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ.

ನಮ್ಮವರು ಬೀಗ ಏಕೆ ಹಾಕುವುದಿಲ್ಲ? ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಇರುವುದು ಒಂದೇ ಮೊಬೈಲು. ಮಗಳ ಶಾಲೆಯ ಪಾಠ ಅದರಲ್ಲಿ, ಹೆಂಡತಿಯ ಸ್ವಸಹಾಯ ಸಂಘದ ಲೆಕ್ಕ ಅದರಲ್ಲಿ, ರಾತ್ರಿ ಪಾಳಿಗೆ ಹೊರಟವನ ಕಿಸೆಯಲ್ಲಿಯೂ ಅದೇ. ನಾಲ್ವರಿಗೆ ತಿಳಿದ ಗುಟ್ಟು ಗುಟ್ಟೆನಿಸೀತೆ? ಬೆರಳಚ್ಚಿನ ಬೀಗ ಇದೆಯಲ್ಲ ಎನ್ನುತ್ತಾರೆ. ನೂಲು, ಸುಣ್ಣ, ಸಿಮೆಂಟು ಹಿಡಿದು ಸವೆದ ಬೆರಳನ್ನು ಯಂತ್ರ ಎಷ್ಟು ಸಲ ಗುರುತಿಸುತ್ತದೆಂದು ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಬರಿಗೈಲಿ ಮರಳಿದವರನ್ನು ಕೇಳಿ. ಇನ್ನು ಕಿರಾಣಿ ಅಂಗಡಿಯವರು: ಸಂಜೆಯ ನೂಕುನುಗ್ಗಲಿನಲ್ಲಿ ಹಣ ಬಂತೆ ಎಂದು ನೋಡಲು ಗಳಿಗೆಗೊಮ್ಮೆ ಬೀಗ ತೆಗೆಯುತ್ತ ಕುಳಿತರೆ ಬೇಳೆ ತೂಗುವವರು ಯಾರು? (ಹಣ ಬಂತೆಂದು ಕೂಗುವ ಪೆಟ್ಟಿಗೆ ಇಟ್ಟುಕೊಂಡರೆ ಬಹಳ ಕಡೆ ಅದಕ್ಕೆ ತಿಂಗಳ ಬಾಡಿಗೆ ಬೇರೆ!)

ಬೀಗದಲ್ಲಿಯೂ ವರ್ಗಭೇದವಿದೆ. 2023-24ರಲ್ಲಿ ಗೂಗಲ್, ಸ್ಯಾಮ್‌ಸಂಗ್ ಕಂಪನಿಗಳು ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ರಕ್ಷಣೆಯ ಅಪ್‌ಡೇಟ್ ಕೊಡುವುದಾಗಿ ಸಾರಿದವು. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಅದು ಎರಡು ಮೂರು ವರ್ಷಕ್ಕೇ ನಿಲ್ಲುತ್ತದೆ. ಆಮೇಲೆ ಒಳಗಿನ ಬಿರುಕನ್ನು ಮುಚ್ಚುವವರಿಲ್ಲ. ಬಡವ ಹೊರಗೆ ಎಂಥ ಬೀಗ ಹಾಕಿದರೂ ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ಇದು ಯಾರ ನಿರ್ಲಕ್ಷ್ಯ?

ಈ "ನಿರ್ಲಕ್ಷ್ಯ" ಎಂಬ ಮಾತನ್ನು ಬಂಧುಗಳು ಚೆನ್ನಾಗಿ ಗಮನಿಸಬೇಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ಹೇಳಿದ್ದಿಷ್ಟು: ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟ ಬೀಳದು, ಗ್ರಾಹಕನೇ ಹೊಣೆ ಎಂದು ರುಜುವಾತು ಮಾಡುವ ಭಾರವೂ ಬ್ಯಾಂಕಿನದೇ. ಆದರೆ ಗ್ರಾಹಕನ ನಿರ್ಲಕ್ಷ್ಯವೆಂದಾದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದು. ಮೇಜಿನಾಚೆಯ ಆ ಮೊದಲ ಪ್ರಶ್ನೆಯ ಒಳಗುಟ್ಟು ಈಗ ತಿಳಿಯಿತಲ್ಲವೆ?

ಹಾಗೆಂದು ಬೀಗ ಬೇಡವೆಂಬ ಹುಂಬತನ ನಮ್ಮದಲ್ಲ. ಹಾಕಿ. ಹಣದ ಪಿನ್ ಮಾತ್ರ ಬೇರೆಯೇ ಇರಲಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒತ್ತಿ ಎನ್ನುವವನು ಮೋಸಗಾರ. ಫೋನಿಗೆ ಬೀಗವಿದ್ದರೂ ಕಳ್ಳ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಒ.ಟಿ.ಪಿ. ಅವನ ಕೈಗೇ ಬರುತ್ತದೆ. ಅದಕ್ಕಾಗಿ ಸಿಮ್ಮಿಗೂ ಪಿನ್ ಇಡುವ ಏರ್ಪಾಡಿದೆ. ಮಾರುವ ಅಂಗಡಿಯಲ್ಲಿ ಇದನ್ನು ಹೇಳಿಕೊಡುವವರು ಅಪರೂಪ.

ಹಣ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿ. ಬ್ಯಾಂಕಿಗೆ ಕನ್ನಡದಲ್ಲೇ ದೂರು ಬರೆದುಕೊಟ್ಟು, ಪ್ರತಿಯ ಮೇಲೆ ತಾರೀಖು ಮತ್ತು ಮೊಹರು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಒಬ್ಬರೇ ಮನೆಗೆ ಮರಳಬೇಡಿ; ಪಾಳಿ ಬಿಟ್ಟ ಮೇಲೆ ಹತ್ತು ಜನ ಸೇರಿ ಹೋಗೋಣ.