ಮುಚ್ಚಿದ ಶಾಲೆಯೂ ತೆರೆದ ಬಯಲೂ

ಇಪ್ಪತ್ತು ಓಮಿನ ರೋಧವೊಂದನ್ನೂ ಮೂವತ್ತು ಓಮಿನ ರೋಧವೊಂದನ್ನೂ ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? ಪದವಿಪೂರ್ವ ತರಗತಿಯ ಬಹು ಸುಲಭವಾದ ಲೆಕ್ಕವಿದು. ಹನ್ನೆರಡು ಓಮ್ ಎಂಬುದು ಉತ್ತರ. ಆದರೆ ನಾವು ತಿದ್ದುವ ಉತ್ತರಪತ್ರಿಕೆಗಳಲ್ಲಿ ಇತ್ತೀಚೆಗೆ ಇಪ್ಪತ್ತೈದು ಎಂಬ ಉತ್ತರವು ಮೇಲಿಂದ ಮೇಲೆ ಕಾಣಬರುತ್ತಿದೆ. ಇಪ್ಪತ್ತರಲ್ಲೊಂದಕ್ಕೆ ಮೂವತ್ತರಲ್ಲೊಂದನ್ನು ಸೇರಿಸಿ ಐವತ್ತರಲ್ಲೆರಡು ಎಂದು ವಿದ್ಯಾರ್ಥಿಯು ಕೂಡಿಸಿರುತ್ತಾನೆ; ಅದನ್ನು ತಲೆಕೆಳಗು ಮಾಡಿ ಇಪ್ಪತ್ತೈದು ಎಂದು ಬರೆದಿರುತ್ತಾನೆ. ಸೂತ್ರ ಅವನಿಗೆ ಬಾಯಿಪಾಠವಿದೆ. ಅವನು ಎಡವಿದುದು ಭಿನ್ನರಾಶಿಯಲ್ಲಿ. ಭಿನ್ನರಾಶಿಗಳನ್ನು ಕೂಡಿಸುವುದನ್ನು ಕಲಿಸುವುದು ಐದನೆಯ, ಆರನೆಯ ತರಗತಿಗಳಲ್ಲಿ. ೨೦೨೦ ಮತ್ತು ೨೦೨೧ರಲ್ಲಿ ಆ ತರಗತಿಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಕ್ಕಳೇ ಈಗ ನಮ್ಮೆದುರಿಗೆ ಕುಳಿತಿದ್ದಾರೆ. ಇಂಥ ತಪ್ಪು ಮೊದಲೂ ಇದ್ದಿತು, ಅದನ್ನು ಮುಚ್ಚಿಡಲಾರೆವು. ಆಗ ಅದು ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು. ಈಗ ಸಾಲು ಸಾಲಾಗಿ ಕಾಣುತ್ತಿದೆ.

ಕೋವಿಡ್ ಮಹಾಮಾರಿಯ ಕಾಲದಲ್ಲಿ ಶಾಲೆಗಳನ್ನೂ ವ್ಯಾಪಾರ ವಹಿವಾಟುಗಳನ್ನೂ ಮುಚ್ಚಿದುದರಿಂದ ಕುಟುಂಬಗಳಿಗೆ ಏನಾಯಿತೆಂಬ ಪ್ರಶ್ನೆಯನ್ನು ನಾವು ಈ ತುದಿಯಿಂದ ಹಿಡಿದೆಳೆಯಲು ಬಯಸುತ್ತೇವೆ. ರೋಗದ ಭೀಕರತೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನಮಗಿಲ್ಲ. ೨೦೨೧ರ ಬೇಸಿಗೆಯಲ್ಲಿ ನಮ್ಮ ಭಾಗದ ಊರೂರುಗಳಲ್ಲಿ ಶವಗಳೆದ್ದುದನ್ನು ಕಂಡವರು ಯಾರೂ ಹಾಗೆ ಮಾತಾಡಲಾರರು. ೨೦೨೦ರ ಮಾರ್ಚ್ ಮಧ್ಯದಲ್ಲಿ ಶಾಲೆಗಳ ಬಾಗಿಲಿಕ್ಕಿದುದೂ ಅದೇ ತಿಂಗಳ ೨೫ರಿಂದ ದೇಶಕ್ಕೆ ದೇಶವೇ ಸ್ತಬ್ಧವಾದುದೂ ಆ ಗಳಿಗೆಯ ಅಜ್ಞಾನದಲ್ಲಿ ಕ್ಷಮಾರ್ಹವಾದ ಕಾರ್ಯಗಳೇ ಸರಿ. ಶತ್ರು ಯಾವ ದಾರಿಯಿಂದ ಬರುವನೆಂದು ತಿಳಿಯದಿದ್ದಾಗ ಎಲ್ಲ ಬಾಗಿಲುಗಳನ್ನೂ ಹಾಕುವುದು ಸಹಜ. ನಮ್ಮ ಆಕ್ಷೇಪವಿರುವುದು ಆ ಮೇಲಿನ ಕಾಲದ ಬಗೆಗೆ. ದಾರಿ ಯಾವುದೆಂದು ತಿಳಿದ ಮೇಲೂ ಬಾಗಿಲು ಹಾಕಿಯೇ ಇದ್ದಿತು. ಅದರಲ್ಲಿಯೂ ಅತಿ ಚಿಕ್ಕ ಮಕ್ಕಳ ಬಾಗಿಲು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರವಾಗಿರುವಂಥವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರಿನಿಂದ ಕಬ್ಬು ಬೆಳೆದ ಈ ನಾಡನ್ನು ದೂರದವರು ಸಿರಿವಂತ ಸೀಮೆಯೆಂದು ತಿಳಿಯುತ್ತಾರೆ. ಸಿರಿ ಉಂಟು, ಸುಳ್ಳಲ್ಲ. ಆದರೆ ಆ ಸಿರಿಯ ಪಕ್ಕದಲ್ಲಿಯೇ ಅಂದಂದಿನ ದುಡಿಮೆಯಿಂದ ಅಂದಂದಿನ ಒಲೆ ಹೊತ್ತಿಸುವ ಮನೆಗಳು ಅಸಂಖ್ಯಾತವಾಗಿವೆ. ನದಿಯ ದಂಡೆಯ ಹಳ್ಳಿಗಳಿಗಂತೂ ಮಹಾಮಾರಿಗಿಂತ ಮೊದಲೇ ಪೆಟ್ಟು ಬಿದ್ದಿದ್ದಿತು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಶಾಲೆಗಳು ನೀರಿನಲ್ಲಿ ನಿಂತವು. ನೀರು ಕಾಣದ ಶಾಲೆಗಳಲ್ಲಿ ನಿರಾಶ್ರಿತರು ತುಂಬಿದರು. ೨೦೨೧ರ ಜುಲೈಯಲ್ಲಿ ಮತ್ತೆ ಪೂರ ಬಂದಿತು. ಆ ಹಳ್ಳಿಗಳ ಹುಡುಗನೊಬ್ಬ ಎರಡು ವರ್ಷಗಳಲ್ಲಿ ಮೂರು ಸಲ ಶಾಲೆಯನ್ನು ಕಳೆದುಕೊಂಡನೆಂದರೆ ಉತ್ಪ್ರೇಕ್ಷೆಯಾಗದು.

ಶಾಲೆ ಮುಚ್ಚಿದುದು ಬೇರೆ, ದುಡಿಮೆ ನಿಂತುದು ಬೇರೆ ಎಂದು ಕಾಗದದ ಮೇಲೆ ಎರಡು ಆಜ್ಞೆಗಳಾಗಿ ಬರೆಯಬಹುದು. ಮನೆಯೊಳಗೆ ಅವು ಎರಡಾಗಿ ಉಳಿಯುವುದಿಲ್ಲ. ನಿಪ್ಪಾಣಿಯ ಕಡೆಯ ಬೀಡಿ ಕಟ್ಟುವ ಮನೆಯನ್ನು ನೋಡಿರಿ. ಅಲ್ಲಿ ಮನೆಯೇ ಕಾರಖಾನೆ. ತಾಯಿಯು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು ಬೀಡಿ ಮಾಡುತ್ತಾಳೆ. ಸಾವಿರಕ್ಕೆ ಇಷ್ಟೆಂದು ಮಜೂರಿ. ಮಕ್ಕಳು ಶಾಲೆಯಲ್ಲಿರುವ ಹೊತ್ತೇ ಅವಳ ಗಳಿಕೆಯ ಹೊತ್ತು. ಸಾರಿಗೆ ನಿಂತು ಎಲೆಯೂ ತಂಬಾಕೂ ಬರದಾದಾಗ ಮಜೂರಿ ನಿಂತಿತು. ಮತ್ತೆ ಕೆಲಸ ಶುರುವಾದಾಗಲೋ, ಮಕ್ಕಳು ಮನೆಯಲ್ಲಿದ್ದರು. ಕಳೆದುಹೋದ ವಾರಗಳ ಸಾಲ ತೀರಬೇಕು, ಮನೆಯಲ್ಲಿ ಎರಡು ಎಳೆಯ ಕೈಗಳು ಬಿಡುವಾಗಿವೆ. ಆ ಕೈಗಳು ಮೊರದ ಕಡೆಗೆ ಸರಿದುದಕ್ಕೆ ತಾಯಿಯನ್ನು ದೂರುವವರು ಮೊದಲು ಆ ಮನೆಯ ಜಮಾಖರ್ಚನ್ನು ಬರೆದು ತೋರಿಸಲಿ. ತಂಬಾಕಿನ ಧೂಳು ಎಳೆಯ ಎದೆಗೆ ಒಳ್ಳೆಯದಲ್ಲವೆಂಬುದನ್ನು ಆ ತಾಯಿಗೆ ಯಾರೂ ಕಲಿಸಬೇಕಾಗಿಲ್ಲ, ಅವಳೇ ಕೆಮ್ಮುತ್ತಿರುತ್ತಾಳೆ.

ಅಥಣಿ, ನಿಪ್ಪಾಣಿಗಳ ಸುತ್ತಿನ ಚಪ್ಪಲಿಯ ಕಸಬಿನ ಕಥೆ ಇನ್ನೊಂದು ಬಗೆಯದು. ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡುಗಳು ಹುಟ್ಟುವುದು ಗಡಿಯ ಈಚೆಗೆ. ಭೌಗೋಳಿಕ ಸೂಚಕದ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸಹಿತ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ದೊರೆತಿರುವುದು ಈ ಕಾರಣದಿಂದಲೇ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಈ ಚರ್ಮಕ್ಕೆ ಮಳೆಯೇ ವೈರಿ; ಆದಕಾರಣ ಬೇಸಿಗೆಯೇ ಅದರ ಸುಗ್ಗಿ. ಮೊದಲನೆಯ ಬಂದಿ ಬಿದ್ದುದು ೨೦೨೦ರ ಮಾರ್ಚ್ ಕೊನೆಗೆ, ಎರಡನೆಯದು ೨೦೨೧ರ ಏಪ್ರಿಲ್ ಕೊನೆಗೆ. ಎರಡೂ ಸಲ ಸರಿಯಾಗಿ ಸುಗ್ಗಿಯ ನೆತ್ತಿಯ ಮೇಲೆ! ಕೊಲ್ಹಾಪುರದ ಪೇಟೆಗೆ ಹೋಗುವ ದಾರಿ ಕೊಗನೊಳ್ಳಿಯ ನಾಕೆಯಲ್ಲಿ ನಿಂತಿತು. ಕಾಗವಾಡದವರಿಗೆ ಮಗ್ಗುಲಲ್ಲೇ ಇರುವ ಮೀರಜ ಪರದೇಶವಾಯಿತು. ಆಸ್ಪತ್ರೆ ಅಲ್ಲಿ, ಪೇಟೆ ಅಲ್ಲಿ, ಬೀಗರ ಮನೆ ಅಲ್ಲಿ. ರಾಜ್ಯದ ಗೆರೆಯನ್ನು ಈ ಭಾಗದ ಜನ ಅದುವರೆಗೆ ಬಸ್ಸಿನ ಬಣ್ಣ ಬದಲಾಗುವುದರಿಂದ ಮಾತ್ರ ಗುರುತಿಸುತ್ತಿದ್ದರು.

ಪಾಠವನ್ನು ಮನೆಗೇ ಮುಟ್ಟಿಸುವ ಏರ್ಪಾಟು ಆಯಿತಲ್ಲವೇ ಎಂದು ಕೇಳುವವರುಂಟು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಫೋನಿನಲ್ಲಿ ಬಂದವು. ಮನೆಗೊಂದೇ ಫೋನು, ಅದೂ ತಂದೆಯ ಜೇಬಿನಲ್ಲಿ ಹೊಲಕ್ಕೋ ಗೌಂಡಿ ಕೆಲಸಕ್ಕೋ ಹೋಗುವಾಗ, ಮೂರು ಮಕ್ಕಳಲ್ಲಿ ಯಾರ ಪಾಠ? ಬಿಸಿಯೂಟದ ಬದಲು ಅಕ್ಕಿ ಬೇಳೆ ಮನೆಗೆ ಬಂದಿತು. ಒಳ್ಳೆಯದೇ. ಆದರೆ ಶಾಲೆಯ ತಟ್ಟೆಯಲ್ಲಿ ಬೀಳುವ ಅನ್ನ ಆ ಮಗುವಿನದು. ಚೀಲದಲ್ಲಿ ಬಂದ ಅಕ್ಕಿ ಮನೆಯ ಗಡಿಗೆಯದು. ದುಡಿಮೆಯಿಲ್ಲದ ಮನೆಯ ಗಡಿಗೆಗೆ ಬಾಯಿಗಳು ಹೆಚ್ಚು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ೧೬,೦೬೭ ಸರಕಾರಿ ಶಾಲಾ ಮಕ್ಕಳನ್ನು ೨೦೨೧ರ ಜನವರಿಯಲ್ಲಿ ಪರೀಕ್ಷಿಸಿ ನೋಡಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ನೂರಕ್ಕೆ ೯೨. ಗಣಿತದಲ್ಲಿ ನೂರಕ್ಕೆ ೮೨. ಇದು ಹೊಸದನ್ನು ಕಲಿಯದಿದ್ದುದರ ಲೆಕ್ಕವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಲಿತಿದ್ದುದೇ ಕೈಬಿಟ್ಟು ಹೋದುದರ ಲೆಕ್ಕ. ಅದೂ ಕಿರಿಯರ ಶಾಲೆ ತೆರೆಯಲು ಇನ್ನೂ ಒಂಬತ್ತು ತಿಂಗಳಿದ್ದಾಗ.

ಈಗ ಭೌತಶಾಸ್ತ್ರದ ಮಾತಿಗೆ ಬರುತ್ತೇವೆ. ರೋಗವು ಕೆಮ್ಮಿನ, ಮಾತಿನ ಹನಿಗಳಿಂದ ಹರಡುವುದೆಂದೂ ಹನಿಗಳು ಬೇಗ ನೆಲಕ್ಕೆ ಬೀಳುವುವೆಂದೂ ಮೊದಲಲ್ಲಿ ಹೇಳುತ್ತಿದ್ದರು. ಅದರಿಂದಲೇ ಆರಡಿ ಅಂತರ, ಕೈತೊಳೆತ, ಬಾಗಿಲ ಹಿಡಿಕೆಗಳನ್ನು ಒರೆಸುವುದು. ಹನಿ ಬೀಳುವ ವೇಗವನ್ನು ಅಳೆಯುವ ಸೂತ್ರವನ್ನು ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿಯೇ ಕೊಟ್ಟಿದ್ದಾನೆ. ನಾವು ಪ್ರತಿವರ್ಷ ಅದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಅದರ ಪ್ರಕಾರ ವೇಗವು ವ್ಯಾಸದ ವರ್ಗಕ್ಕೆ ಅನುಗುಣ. ಅಂದರೆ ಹನಿಯು ಹತ್ತು ಪಟ್ಟು ಚಿಕ್ಕದಾದರೆ ಬೀಳುವ ವೇಗವು ನೂರು ಪಟ್ಟು ಇಳಿಯುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪನೆಯ ಹನಿಯು ಮನುಷ್ಯನ ಬಾಯಿಯ ಎತ್ತರದಿಂದ ಐದಾರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟಿದ್ದರೆ ಅರ್ಧ ಗಂಟೆ ಬೇಕು. ಸಾವಿರದ ಒಂದು ಭಾಗದಷ್ಟಿದ್ದರೆ ನಿಶ್ಚಲವಾದ ಗಾಳಿಯಲ್ಲಿಯೂ ಹನ್ನೆರಡು ಗಂಟೆಗೆ ಮಿಕ್ಕಿ ಬೇಕು. ಉಸಿರಾಟದಲ್ಲಿ, ಮಾತಿನಲ್ಲಿ ನಾವು ಹೊರಹಾಕುವ ಕಣಗಳಲ್ಲಿ ಬಹುಪಾಲು ಈ ಸಣ್ಣ ಜಾತಿಯವು. ಮುಚ್ಚಿದ ಕೋಣೆಯಲ್ಲಿ ಅವು ಊದುಬತ್ತಿಯ ಹೊಗೆಯಂತೆ ಕೂಡುತ್ತ ಹೋಗುತ್ತವೆ. ಬಯಲಿನಲ್ಲಿ ಅದೇ ಊದುಬತ್ತಿಯನ್ನು ಹಚ್ಚಿರಿ. ಎರಡು ಮಾರು ದೂರದಲ್ಲಿ ವಾಸನೆ ಬಂದರೆ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯು ರೋಗವು ಗಾಳಿಯಿಂದ ಹರಡುವುದಿಲ್ಲವೆಂದು ೨೦೨೦ರ ಮಾರ್ಚಿನಲ್ಲಿ ಸಾರಿ, ಒಳಾಂಗಣದ ಗಾಳಿಯ ಅಪಾಯವನ್ನು ತೆರೆದ ಮಾತುಗಳಲ್ಲಿ ಒಪ್ಪಿಕೊಂಡುದು ೨೦೨೧ರ ಏಪ್ರಿಲ್ ಕೊನೆಗೆ. ಈ ವಿಳಂಬದ ಬೆಲೆಯನ್ನು ಶಾಲೆಯ ಮಕ್ಕಳಷ್ಟು ತೆತ್ತವರು ವಿರಳ. ಏಕೆಂದರೆ ಗಾಳಿಯೇ ದಾರಿಯೆಂದ ಮೇಲೆ ಮಾಡಬೇಕಾದುದು ತರಗತಿಯನ್ನು ಕೋಣೆಯಿಂದ ಹೊರಗೆ ತರುವುದು. ಇದೇನೂ ಹೊಸ ಯುಕ್ತಿಯಲ್ಲ. ಕ್ಷಯರೋಗದ ಅಂಜಿಕೆ ಇದ್ದಾಗ ಜರ್ಮನಿಯವರು ಬರ್ಲಿನ್ ಬಳಿಯ ಶಾರ್ಲಟನ್‌ಬರ್ಗಿನಲ್ಲಿ ೧೯೦೪ರಲ್ಲಿಯೇ ಕಾಡಿನ ಶಾಲೆಯನ್ನು ತೆರೆದಿದ್ದರು. ಚಳಿಯ ದೇಶದವರು ಮಾಡಿದುದನ್ನು, ವರ್ಷದಲ್ಲಿ ಎಂಟು ತಿಂಗಳು ಮಳೆ ಕಾಣದ ಅಥಣಿ, ರಾಯಬಾಗದವರು ಮಾಡಲಾರರೇ? ಬೇವು, ಆಲ, ಹುಣಸೆಗಳಿಗೆ ಬರವೇ?

ಮಾಡಿಯೂ ಇದ್ದೆವು ಎಂಬುದೇ ವಿಷಾದದ ಸಂಗತಿ. ೨೦೨೦ರ ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಯೋಜನೆ ಬಂದಿತು. ಶಿಕ್ಷಕರೇ ಓಣಿ ಓಣಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ಕೂಡಿಸಿ ಕಲಿಸಿದರು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ವಾರ್ತೆಗಳು ಬರಲು, ಅಕ್ಟೋಬರಿನಲ್ಲಿ ಅದನ್ನು ಇಡೀ ರಾಜ್ಯಕ್ಕೆ ಒಮ್ಮೆಲೇ ನಿಲ್ಲಿಸಲಾಯಿತು. ಪ್ರಾಣ ಕಳೆದುಕೊಂಡ ಶಿಕ್ಷಕರ ಮನೆಯವರ ಎದುರು ಈ ವಾದವನ್ನು ಹೂಡುವುದು ಸುಲಭವಲ್ಲ, ನಾವು ಬಲ್ಲೆವು. ಆದರೂ ಕೇಳಲೇಬೇಕಾದ ಪ್ರಶ್ನೆ ಒಂದುಂಟು: ಸೋಂಕು ತಗುಲಿದುದು ಮರದ ಕೆಳಗೋ, ಮಾಡಿನ ಕೆಳಗೋ? ಭವನದ ಒಳಗೆ ನಡೆದ ಪಾಠವನ್ನೂ ಬಯಲಿನ ಪಾಠವನ್ನೂ ಒಂದೇ ಆಜ್ಞೆಯಲ್ಲಿ ಕಟ್ಟಿದರು. ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಯು ಎರಡು ಚಲಕಗಳನ್ನು ಹೀಗೆ ಬೆರಸಿದ್ದರೆ ನಾವು ಪುಸ್ತಕವನ್ನು ತಿರುಗಿಸಿ ಕೊಡುತ್ತಿದ್ದೆವು.

ಇನ್ನು ತೆರೆದ ಕ್ರಮವನ್ನು ನೋಡೋಣ. ಮದ್ಯದ ಅಂಗಡಿಗಳು ತೆರೆದುದು ೨೦೨೦ರ ಮೇ ೪ಕ್ಕೆ. ಸಿನಿಮಾ ಮಂದಿರಗಳಿಗೆ ಅನುಮತಿ ಅಕ್ಟೋಬರಿನಲ್ಲಿ. ಡಿಸೆಂಬರ್ ೨೨ ಮತ್ತು ೨೭ರಂದು ಗ್ರಾಮ ಪಂಚಾಯತಿಯ ಮತದಾನ ನಡೆದಾಗ ಹಳ್ಳಿಯ ಶಾಲೆಯ ಬೀಗ ಹಿರಿಯರಿಗಾಗಿ ತೆರೆಯಿತು. ಮರುವರ್ಷ ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದಿವೆಯೆಂದು ತಿಳಿಸಿತು. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಯುಕ್ತವೆಂದು ಅದರ ಮುಖ್ಯಸ್ಥರೇ ನುಡಿದರು. ನಮ್ಮಲ್ಲಿ ಆದುದು ತಿರುಗುಮುರುಗು. ಒಂಬತ್ತರಿಂದ ಮೇಲಿನವರಿಗೆ ಆಗಸ್ಟ್ ೨೩, ಆರರಿಂದ ಎಂಟರವರೆಗೆ ಸೆಪ್ಟೆಂಬರ್ ೬, ಒಂದರಿಂದ ಐದರವರೆಗೆ ಅಕ್ಟೋಬರ್ ೨೫. ೨೦೨೦ರ ಮಾರ್ಚಿನಲ್ಲಿ ಒಂದನೆಯ ತರಗತಿಯಿಂದ ಎದ್ದು ಹೋದ ಮಗು ಹತ್ತೊಂಬತ್ತು ತಿಂಗಳ ಮೇಲೆ ಮೂರನೆಯ ತರಗತಿಯಲ್ಲಿ ಬಂದು ಕುಳಿತಿತು. ಡೆನ್ಮಾರ್ಕಿನವರು ೨೦೨೦ರ ಏಪ್ರಿಲ್ ೧೫ಕ್ಕೇ ಚಿಕ್ಕವರಿಂದಲೇ ಶಾಲೆ ತೆರೆದಿದ್ದರು. ಅವರ ಶಾಲೆಯ ಅನುಕೂಲ ನಮಗಿಲ್ಲವೆನ್ನಬಹುದು. ಆದರೆ ಬಯಲು ನಮಗೆ ಅವರಿಗಿಂತ ಹೆಚ್ಚಾಗಿಯೇ ಇತ್ತಷ್ಟೆ.

ಇಡೀ ನಾಡಿಗೆ ಒಂದೇ ಅಳತೆಗೋಲು ಹಿಡಿದುದೂ ತಪ್ಪೇ. ರಾಯಬಾಗ ತಾಲೂಕಿನ ಕುಡಚಿಯಲ್ಲಿ ೨೦೨೦ರ ಏಪ್ರಿಲಿನಲ್ಲಿಯೇ ಸೋಂಕು ಕಾಣಿಸಿಕೊಂಡು ಊರಿಗೆ ಊರೇ ದಿಗ್ಬಂಧನದಲ್ಲಿ ಬಿದ್ದಿತು. ಅದು ಅಗತ್ಯವಾಗಿದ್ದಿತು. ಆದರೆ ಮುಂದಿನ ತಿಂಗಳುಗಳಲ್ಲಿ ರೋಗಿ ಇಲ್ಲದ ತೋಟದ ವಸತಿಯ ಪುಟ್ಟ ಶಾಲೆಗೂ ಬೆಂಗಳೂರಿನ ಅಂಗಡಿಸಾಲಿಗೂ ಒಂದೇ ಕಾಗದದಿಂದ ತೀರ್ಪು ಬರುತ್ತಿದ್ದರೆ ಅದನ್ನು ಎಚ್ಚರಿಕೆಯೆನ್ನಬೇಕೋ, ಸೋಮಾರಿತನವೆನ್ನಬೇಕೋ? ನಮ್ಮಂಥ ಸಂಬಳದವರಿಗೆ ಈ ಭೇದ ಬೇಗ ಕಾಣಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ. ತಿಂಗಳ ಮೊದಲಿಗೆ ಹಣ ಬರುತ್ತಿದ್ದವರು ಬಾಗಿಲು ಇನ್ನಷ್ಟು ದಿನ ಹಾಕಿರಲಿ ಎಂದು ಹೇಳುವುದು ಕಷ್ಟದ ಮಾತಲ್ಲ.

ನಮ್ಮ ಅಜ್ಜಂದಿರ ಅಜ್ಜಂದಿರು ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇಲಿ ಚಿಗಟಗಳ ಆ ರೋಗದ ಕಾರಣ ಬೇರೆ. ಬದುಕನ್ನು ನಿಲ್ಲಿಸದೆ ಜಾಗ ಬದಲಿಸುವ ಬುದ್ಧಿ ಮಾತ್ರ ನಾವು ಮರೆಯಬಾರದಾಗಿದ್ದಿತು. ಅದೇ ಪ್ಲೇಗಿಗಾಗಿ ೧೮೯೭ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯು ನಾಲ್ಕೇ ಕಲಮುಗಳದು. ಮುಚ್ಚುವ ಅಧಿಕಾರ ಅದರಲ್ಲಿ ಧಾರಾಳವಾಗಿತ್ತು. ಯಾವಾಗ ತೆರೆಯಬೇಕು, ಮುಚ್ಚಿದ ದಿನಗಳ ಮಜೂರಿಯನ್ನು ಯಾರು ತುಂಬಿಕೊಡಬೇಕು ಎಂಬುದಿರಲಿಲ್ಲ. ಮುಂದಿನ ರೋಗ ಬರುವ ಮೊದಲೇ, ಗಡಿಬಿಡಿಯಿಲ್ಲದ ಈ ದಿನಗಳಲ್ಲಿಯೇ, ಪ್ರತಿ ಶಾಲೆಗೂ ಅದರ ಬಯಲು ಯಾವುದು, ನೆರಳು ಎಲ್ಲಿ, ಮಳೆಗಾಲಕ್ಕೆ ನಾಲ್ಕು ಕಡೆ ತೆರೆದ ಚಪ್ಪರ ಎಲ್ಲಿ ಎಂದು ಗೊತ್ತುಮಾಡಿ ಬರೆದಿಡಬೇಕೆಂದು ನಾವು ಕೇಳುತ್ತೇವೆ. ಒಲೆಯನ್ನು ಆ ಬಯಲಿನಲ್ಲಿಯೇ ಹೂಡಿ ಬಿಸಿಯೂಟವನ್ನು ನಡೆಸಬೇಕು. ಮುಚ್ಚುವುದು ಅನಿವಾರ್ಯವಾದಲ್ಲಿ ತಾಲೂಕಿನ ಸ್ಥಿತಿಯನ್ನು ನೋಡಿ, ಅವಧಿ ಹಾಕಿ ಮುಚ್ಚಬೇಕು. ಅಂಗಡಿಗೆ ಬೀಗ ಹಾಕಿಸುವ ಆಜ್ಞೆಯೊಡನೆ ಆ ಮನೆಯ ಅನ್ನದ ಲೆಕ್ಕವೂ ಹೋಗಬೇಕು. ಒಂದರಿಂದ ಐದರ ತರಗತಿಗಳು ಕೊನೆಗೆ ಮುಚ್ಚಿ ಮೊದಲು ತೆರೆಯಬೇಕು. ಇದಕ್ಕೆ ದೊಡ್ಡ ಹಣ ಬೇಡ. ಹತ್ತಾರು ಗಿಡ ನೆಟ್ಟು ಕಾಪಾಡುವಷ್ಟು ಮುಂದಾಲೋಚನೆ ಬೇಕು.

ಶನಿವಾರ ಮಧ್ಯಾಹ್ನ ನಾವೀಗ ನಮ್ಮ ಪದವಿಪೂರ್ವ ವಿದ್ಯಾರ್ಥಿಗಳಿಗೆ ಭಿನ್ನರಾಶಿಯನ್ನು ಕಲಿಸುತ್ತಿದ್ದೇವೆ. ಜೋಳದ ರೊಟ್ಟಿಯನ್ನು ಮುರಿದು ತೋರಿಸುವಾಗ ಮೀಸೆ ಮೂಡಿದ ಹುಡುಗರಿಗೆ ನಾಚಿಕೆಯಾಗುತ್ತದೆ, ಆದರೂ ಬರುತ್ತಾರೆ. ಕಳೆದ ಸಲ ಕೋಣೆಯಲ್ಲಿ ಸೆಕೆ ತಾಳಲಾರದೆ ಎಲ್ಲರೂ ಹೊರಗೆ ಬೇವಿನ ಕೆಳಗೆ ಹೋಗಿ ಕುಳಿತೆವು.