ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೆ

ಸಿಂಧನೂರಿನ ಓಣಿ ಓಣಿಗಳಲ್ಲಿ ಇಂದು ಗಿರಣಿ ಕಾರ್ಮಿಕರ ಮಕ್ಕಳು ಆಡುವ ಕ್ರಿಕೆಟ್ ಒಂದು ಕಾಲಕ್ಕೆ ದೊರೆಗಳ ಆಟವಾಗಿತ್ತು. ಆ ಆಟದಲ್ಲಿ ಈ ದೇಶದ ಮೊದಲ ಹಿರಿಯ ಬೌಲರನೆಂದು ಹೆಸರಾದವರು ಮಹಾರಾಜರೂ ಅಲ್ಲ, ವಕೀಲರೂ ಅಲ್ಲ. 1876ರಲ್ಲಿ ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬವೊಂದರಲ್ಲಿ ಹುಟ್ಟಿದ ಪಾಲವಣಕರ ಬಾಳೂ. ನಮ್ಮ ಓದುಗರಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದಾರೆ?

ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ, ರೋಲರು ಎಳೆದು ಅವರು ಪಡೆಯುತ್ತಿದ್ದುದು ತಿಂಗಳಿಗೆ 3 ರೂಪಾಯಿ. ಬಳಿಕ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಸಾಹೇಬರ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಚೆಂಡು ಎಸೆದರೇ ಹೊರತು ಬ್ಯಾಟು ಅವರ ಕೈಗೆ ಬರಲಿಲ್ಲ. ಎಡಗೈಯ ಆ ಚಳಕ ಪಳಗಿದ್ದು ಹೀಗೆ, ಕೂಲಿಯ ದುಡಿಮೆಯಲ್ಲಿ.

ಬಿಳಿಯರನ್ನು ಸೋಲಿಸುವ ಹಟ ಹುಟ್ಟಿದಾಗ ಪುಣೆಯ ಹಿಂದೂ ತಂಡಕ್ಕೆ ಈ ಕೈ ಬೇಕಾಯಿತು. ಕರೆದರು. ಆದರೆ ಚಹಾದ ಹೊತ್ತಿಗೆ ಉಳಿದವರಿಗೆ ಒಳಗೆ ಪಿಂಗಾಣಿ ಬಟ್ಟಲು, ಬಾಳೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ! ಊಟವೂ ಬೇರೆ. ಅವರು ಎಸೆದ ತೊಗಲಿನ ಚೆಂಡನ್ನು ಮಾತ್ರ ಅದೇ ಜನ ಹಿಡಿದು ಕುಣಿದಾಡುತ್ತಿದ್ದರು. ಇದು ಯಾವ ಶಾಸ್ತ್ರವೋ ನಾವರಿಯೆವು. ಹಳ್ಳಿಯ ಚಹಾದಂಗಡಿಗಳಲ್ಲಿ ಬೇರೆ ಲೋಟ ಇಡುವ ದೂರು ಇಂದಿಗೂ ಕೇಳಿಬರುತ್ತದೆ. ಅಂಗಡಿಕಾರರಲ್ಲಿ ನಮ್ಮ ಓದುಗರೂ ಉಂಟು. ಅಂಥ ಲೋಟವಿದ್ದರೆ ಈ ವಾರವೇ ತೆಗೆಯಲಿ.

ಅಮೇರಿಕೆಯ ಕರಿಯ ಜನಾಂಗದ ಜ್ಯಾಕ್ ಜಾನ್ಸನ್ 1908ರಲ್ಲಿ ಮುಷ್ಟಿಕಾಳಗದ ವಿಶ್ವ ಹೆವಿವೇಟ್ ಪಟ್ಟ ಗೆದ್ದಾಗ, ಅವರನ್ನು ಇಳಿಸಲು ಬಿಳಿಯರು ತಮ್ಮೊಬ್ಬ ಮಲ್ಲನಿಗಾಗಿ ಹುಡುಕಾಡಿದರು. ಹುಡುಕಿ ನಿಲ್ಲಿಸಿದ ಜೆಫ್ರೀಸನೂ 1910ರಲ್ಲಿ ಸೋತಾಗ ಊರೂರುಗಳಲ್ಲಿ ಗಲಭೆಯಾಗಿ ಕರಿಯರ ಕೊಲೆಗಳಾದವು. ಜಾನ್ಸನ್ನರಿಗೆ ಎದುರು ನಿಂತವರು ಎದುರಾಳಿಗಳು. ಬಾಳೂ ಅವರನ್ನು ಹೊರಗೆ ಕೂರಿಸಿದವರು ಸ್ವಂತ ತಂಡದವರು.

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ಗೆಲುವಿಗೆ ಬಾಳೂ ಅವರ ಬೌಲಿಂಗು ದೊಡ್ಡ ಕಾರಣ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದ ನಾಯಕರು ಪಟಿಯಾಲದ ಮಹಾರಾಜರು, ಆಡಿದ್ದು ಕೆಲವೇ ಪಂದ್ಯ. ಬಾಳೂ ಕಿತ್ತ ವಿಕೆಟ್ಟುಗಳು 114. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಹೆಗಲಿಗೆ ಚೀಲ ಏರಿಸುವಾಗ ಯಾರೂ ಜಾತಿ ಕೇಳುವುದಿಲ್ಲ, ಸಂಘದ ಅಧ್ಯಕ್ಷರ ಕುರ್ಚಿಯ ಮಾತು ಬಂದಾಗ ಕೇಳುತ್ತಾರೆ ಎಂಬುದನ್ನು ನಮ್ಮ ಹಮಾಲ ಬಂಧುಗಳು ಬಲ್ಲರು.

1920ರಲ್ಲಿ ನಾಯಕತ್ವದ ಹಂಚಿಕೆಯಲ್ಲಿ ಮತ್ತೆ ಅನ್ಯಾಯವಾದಾಗ ಬಾಳೂ ಅವರ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಆಡುವುದಿಲ್ಲವೆಂದು ಹೊರನಡೆದರು. ಗಿರಣಿಯವರ ಭಾಷೆಯಲ್ಲಿ ಹೇಳುವುದಾದರೆ, ಮುಷ್ಕರ. ಆಗ ಮುಖಂಡರು ತಡಬಡಿಸಿ ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು, ತಮ್ಮಂದಿರು ಮರಳಿದರು. ನೂರಾರು ವಿಕೆಟ್ಟುಗಳಿಂದ ಆಗದ ಕೆಲಸ ಆಟ ನಿಲ್ಲಿಸಿದ್ದರಿಂದ ಆಯಿತು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು; ಆ ವರ್ಷದ ಪಂದ್ಯಾವಳಿಯನ್ನು ಅವರ ತಂಡವೇ ಗೆದ್ದಿತು.