ಗುಡ್ಡದ ದಾರಿಗೆ ಯಾವ ಡಿಫರೆನ್ಷಿಯಲ್?

ಫೋರ್ ವೀಲ್ ಜೀಪುಗಳ ಬಗ್ಗೆ ಪರಿಸರಾಸಕ್ತರಲ್ಲಿ ಒಂದು ಸಿದ್ಧ ಅಭಿಪ್ರಾಯ ಬೇರೂರಿದೆ. ಡಿಫರೆನ್ಷಿಯಲ್ ಲಾಕ್ ಎಂಬುದು ಕಾಡಿಗೆ ನುಗ್ಗುವ ಶೋಕಿಯವರ ಸಾಧನ. ಕೃಷಿಕನ ಜೀಪಿಗೆ ಲಿಮಿಟೆಡ್ ಸ್ಲಿಪ್ ಸಾಕು, ಮಣ್ಣಿಗೂ ಅದೇ ಮೃದು ಎನ್ನುವುದು ಆ ಅಭಿಪ್ರಾಯ. ಕೇಳುವುದಕ್ಕೆ ಹಿತವಾಗಿದೆ. ಮಣ್ಣಿನ ಕಡೆಯಿಂದ ಪರಿಶೀಲಿಸಿದರೆ ಈ ವಾದ ತಲೆಕೆಳಗಾಗಿದೆ.

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಒಂದೇ ಆಕ್ಸಲ್‌ನ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎರಡಕ್ಕೂ ಸಮನಾದ ಬಲವನ್ನೇ ನೀಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡು ಬರಿದೇ ತಿರುಗತೊಡಗಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಜೀಪು ನಿಂತಲ್ಲೇ ನಿಂತು ನೆಲವನ್ನು ಕೊರೆಯುತ್ತದೆ.

ಬೆಳ್ತಂಗಡಿ ತಾಲೂಕಿನ ದಿಡುಪೆಯಿಂದ ಎಳನೀರಿಗೆ ಏರುವ ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಊರು ಮಲವಂತಿಗೆ ಪಂಚಾಯತಿಗೆ ಸೇರಿದ್ದು. ನಡುವೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಈ ದಾರಿ ಬಿಟ್ಟರೆ ಕಳಸವನ್ನೋ ಕುದುರೆಮುಖವನ್ನೋ ಸುತ್ತಿ ತಾಲೂಕು ಕೇಂದ್ರಕ್ಕೆ ಬರಬೇಕು. ರೇಶನ್ ಅಕ್ಕಿಗೂ ರೋಗಿಗೂ ವರ್ಷಗಳ ಕಾಲ ಜೀಪೇ ಆಸರೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಏರಿನಲ್ಲಿ ಚಕ್ರ ಕೊರೆದ ಗೀರು ಮುಂದಿನ ಮಳೆಗೆ ನೀರಿನ ಹಾದಿಯಾಗುತ್ತದೆ. ಮುರಕಲ್ಲಿನ ಪದರ ತೆಳುವಾದಲ್ಲಿ ಅಥವಾ ದಾರಿಗೆಂದು ಅದನ್ನು ಕಡಿದಲ್ಲಿ ಕೆಳಗಿನ ಶೇಡಿ ಮಣ್ಣು ಬಯಲಿಗೆ ಬರುತ್ತದೆ. ಒಣಗಿದ್ದಾಗ ಗಟ್ಟಿಯಾಗಿ ಕಾಣುವ ಶೇಡಿ, ನೀರು ಕುಡಿದರೆ ಕರಗಿ ಹರಿಯುತ್ತದೆ.

ಹೀಗಿರುವಾಗ ಮಣ್ಣಿನ ಶತ್ರು ಬರಿದೇ ತಿರುಗುವ ಚಕ್ರ. ಲಿಮಿಟೆಡ್ ಸ್ಲಿಪ್ ಅದನ್ನು ಕಡಿಮೆ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕ್ಲಚ್ ಪ್ಲೇಟುಗಳ ಘರ್ಷಣೆಯಿಂದ ನಡೆಯುವ ಬಗೆಯಲ್ಲಿ ಪ್ಲೇಟು ಸವೆದಂತೆ ಗುಣವೂ ಸವೆಯುತ್ತದೆ. ಅದಕ್ಕೆ ತಕ್ಕ ಆಯಿಲ್ ಹಾಕದಿದ್ದರೆ ಇನ್ನೂ ಬೇಗ. ಹಲ್ಲುಚಕ್ರದ ಬಗೆಯದು ಹಿಡಿತವಿಲ್ಲದ ಚಕ್ರ ತಾಳಬಲ್ಲ ಬಲದ ಕೆಲವು ಪಟ್ಟನ್ನು ಇನ್ನೊಂದಕ್ಕೆ ಕೊಡುತ್ತದೆ. ಒಂದು ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೂಗಿದರೆ? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲಿರುವಂತೆ, ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಆಚೆಗೆ ದಾಟಿಸುವ ವ್ಯವಸ್ಥೆಯೂ ಚಕ್ರ ಜಾರಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ.

ಲಾಕ್‌ಗಳೂ ಎಲ್ಲ ಒಂದೇ ಅಲ್ಲ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿರುವ ತಾನಾಗಿ ಬೀಳುವ ಯಾಂತ್ರಿಕ ಲಾಕ್, ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಹಿಡಿಯುತ್ತದೆ. ಅಷ್ಟರಲ್ಲಿ ಟೈರು ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗದಲ್ಲಿ ನೆಲವನ್ನು ಕೆರೆದಾಗಿರುತ್ತದೆ. ಚಾಲಕನೇ ಹಾಕುವ ಲಾಕ್ ಬೇರೆ ಬಗೆಯದು. ಫೋರ್ಸ್ ಗೂರ್ಖಾದಲ್ಲಿ ಅದು ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗಳಿಗಿದೆ. ಕೆಸರಿಗೆ ಇಳಿಯುವ ಮೊದಲೇ ಹಾಕಿ, ಲೋ ಗಿಯರಿನಲ್ಲಿ ನಿಧಾನವಾಗಿ ಏರಿದರೆ ಎರಡೂ ಚಕ್ರ ಒಟ್ಟಿಗೆ ಉರುಳುತ್ತವೆ, ಕೊರೆತ ಬಹುಪಾಲು ತಪ್ಪುತ್ತದೆ. ಟ್ರ್ಯಾಕ್ಟರಿನ ಲಾಕ್ ಪೆಡಲ್ ಮೆಟ್ಟಿ ಬಲ್ಲ ಕೃಷಿಕನಿಗೆ ಇದು ಹೊಸ ವಿದ್ಯೆಯೇನಲ್ಲ.

ಅದನ್ನು ತೆಗೆಯಲು ಮರೆಯುವವನಿಗೆ ಮಾತ್ರ ಲಾಕ್ ಸಲ್ಲದು. ಗಟ್ಟಿ ರಸ್ತೆಯ ತಿರುವಿನಲ್ಲಿ ಟೈರು ಉಜ್ಜಿ ಸವೆಯುತ್ತದೆ, ಆಕ್ಸಲ್ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಅಡ್ಡ ಇಳಿಜಾರಿನ ಜಾರುನೆಲದಲ್ಲಿ ಲಾಕ್ ಹಾಕಿದ ಎರಡೂ ಚಕ್ರಗಳು ಒಟ್ಟಿಗೆ ಹಿಡಿತ ಬಿಟ್ಟರೆ ಜೀಪಿನ ಹಿಂಭಾಗ ಕಣಿವೆಯ ಕಡೆಗೆ ಸರಿಯುವ ಅಪಾಯವೂ ಉಂಟು; ಲಿಮಿಟೆಡ್ ಸ್ಲಿಪ್ ಅಂಥಲ್ಲಿ ಮೇಲು. ಬಂಟ್ವಾಳ, ಮೂಡುಬಿದಿರೆಗಳ ಪೇಟೆಗೆ ಡಾಂಬರಿನಲ್ಲೇ ಓಡಾಡಿ, ಮನೆಯಂಗಳದ ಏರಿನಲ್ಲಿ ಮಾತ್ರ ಪೇಚಾಡುವವರಿಗೂ ಅದು ಸಾಕು. ಹಳೆಯ ಜೀಪಿಗೆ ಲಾಕ್ ಕೂಡಿಸುವವರು ಹಿಂದಿನ ಆಕ್ಸಲ್‌ಗಷ್ಟೇ ಕೂಡಿಸಲಿ. ಮುಂದೆಯೂ ಲಾಕ್ ಬಿದ್ದರೆ ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳದು.

ಇಷ್ಟನ್ನು ಓದಿ ತೋಡಿನಲ್ಲಿ ಜೀಪು ಹೊರಳಿಸುವ ಪಟ್ಟಣದ ಸಾಹಸಿಗರು ಹಿಗ್ಗಬೇಕಾಗಿಲ್ಲ. ಅನಿವಾರ್ಯ ದಾರಿಯಲ್ಲಿ ಮಣ್ಣು ಉಳಿಸುವ ಲಾಕ್, ದಾರಿಯೇ ಇಲ್ಲದಲ್ಲಿ ಇನ್ನಷ್ಟು ಒಳಗೆ ನುಗ್ಗಲು ಧೈರ್ಯ ಕೊಡುತ್ತದೆ. ಕೆಸರಿನ ಓಟ ಬೇಕಿದ್ದವರಿಗೆ ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳವಿದೆ. ತೋಡೆಂಬುದು ಕಂಬಳದ ಕರೆಯಲ್ಲ. ರಾಷ್ಟ್ರೀಯ ಉದ್ಯಾನದೊಳಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲವೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದುದಕ್ಕೆ ಜೀಪಿನ ಚಕ್ರ ಕಾರಣವೆಂದು ಯಾರೂ ಹೇಳಲಾರರು. ಆದರೆ ಬೆಳ್ತಂಗಡಿಯ ತೋಡುಗಳಲ್ಲಿ ಕಲಕಿದ ಮಣ್ಣು ನೇತ್ರಾವತಿಗೆ ಇಳಿದು, ಮಂಗಳೂರಿಗೆ ಕುಡಿಯುವ ನೀರು ಕೊಡುವ ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನವರೆಗೂ ಸಾಗುತ್ತದೆ.

ಪಂಚಾಯತಿಗಳಿಗೂ ಒಂದು ಮಾತು. ಏರುದಾರಿಯ ಪಕ್ಕದ ಚರಂಡಿಯನ್ನು ಮೇ ತಿಂಗಳೊಳಗೆ ಬಿಡಿಸಿ, ನೀರು ದಾರಿಯ ಮೇಲೆ ಓಡದಂತೆ ಅಲ್ಲಲ್ಲಿ ಅಡ್ಡ ಕಟ್ಟೆ ಹಾಕಿ ಹೊರಗೆ ತಿರುಗಿಸಿದರೆ, ಹೆಚ್ಚಿನ ಜೀಪುಗಳಿಗೆ ಲಾಕ್ ಹಾಕುವ ಪ್ರಸಂಗವೇ ಬಾರದು. ಚರಂಡಿ ಮುಚ್ಚಿಹೋದ ದಾರಿಗೆ ಜಲ್ಲಿ ಸುರಿದು ಬಿಲ್ಲು ಮಾಡುವ ಕ್ರಮವನ್ನು ಗ್ರಾಮಸಭೆಯಲ್ಲೇ ಪ್ರಶ್ನಿಸಬೇಕು.